ಸಾಲಕ್ಕೆ ಅಂಟಿಸಿದ ಇನ್ಶೂರೆನ್ಸ್: ರೊಕ್ಕ ವಾಪಸ್ ಬಂದ ಬಗೆ

ಗಂಗಾವತಿಯಲ್ಲಿ ನಾನು ತೆಗೆದ ಗೃಹಸಾಲ 12 ಲಕ್ಷ, ಅವಧಿ 15 ವರ್ಷ, ಬಡ್ಡಿ 9%. ಇದಕ್ಕೆ ತಿಂಗಳ ಕಂತು 12,171 ರೂಪಾಯಿ ಬರಬೇಕು. ಖಾತೆಯಿಂದ ಹೋಗುತ್ತಿದ್ದುದು 12,662. ಈ 491 ರೂಪಾಯಿಯ ಬೆನ್ನು ಹತ್ತಿದಾಗ ಸಾಲದ ಸ್ಟೇಟ್‌ಮೆಂಟಿನ ಎರಡನೇ ಸಾಲಿನಲ್ಲೇ ಉತ್ತರ ಇತ್ತು. ಸಾಲ ಬಿಡುಗಡೆಯಾದ ದಿನವೇ 48,380 ರೂಪಾಯಿ ವಿಮಾ ಕಂಪನಿಗೆ ಹೋಗಿದೆ: ಪ್ರೀಮಿಯಂ 41,000, ಅದರ ಮೇಲೆ 18% ಜಿಎಸ್‌ಟಿ 7,380. ಅಂದರೆ ಸಾಲ 12 ಲಕ್ಷ ಅಲ್ಲ, 12,48,380. ಆ 48 ಸಾವಿರಕ್ಕೂ 15 ವರ್ಷ ಬಡ್ಡಿ ಕಟ್ಟಿದರೆ ಅಸಲು ಸೇರಿ ಕೊನೆಗೆ 88 ಸಾವಿರ ದಾಟುತ್ತದೆ.

ಉಳಿತಾಯ ಖಾತೆಯ ಪಾಸ್‌ಬುಕ್ಕಿನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಕಂತು ಮಾತ್ರ ಕಾಣುತ್ತದೆ. ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ಮೊದಲ ದಿನದಿಂದ ತೆಗೆಸಬೇಕು. ಕೌಂಟರಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಈ ಹಣಕಾಸು ವರ್ಷದ್ದನ್ನಷ್ಟೇ ಪ್ರಿಂಟ್ ಹಾಕಿ ಕೈಗಿಡುತ್ತಾರೆ. ‘ಸಾಲ ಬಿಡುಗಡೆಯಾದ ದಿನದಿಂದ’ ಎಂದು ಒತ್ತಿ ಹೇಳಿ.

ದೂರು ಬರೆಯುವ ಮೊದಲು ಕಡಿತವಾದದ್ದು ಯಾವ ವಿಮೆ ಎಂದು ಖಚಿತ ಮಾಡಿಕೊಳ್ಳಿ. ವರ್ಷಕ್ಕೆ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ, 20 ರೂಪಾಯಿ ಆದರೆ ಸುರಕ್ಷಾ ಬಿಮಾ. ಎರಡೂ 2 ಲಕ್ಷದ ವಿಮೆಗಳು, ಅಗ್ಗದವು, ಅವುಗಳ ತಂಟೆಗೆ ಹೋಗುವ ಅಗತ್ಯ ನನಗೆ ಕಂಡಿಲ್ಲ. ಸಿಂಧನೂರು, ಕಾರಟಗಿ ಕಡೆಯ ಬೆಳೆಸಾಲದ ಖಾತೆಗಳಲ್ಲಿ ಬೆಳೆವಿಮೆಯ ಕಡಿತವೂ ಇರುತ್ತದೆ. ಸಾಲಗಾರ ರೈತರಿಗೂ ಅದು 2020ರ ಮುಂಗಾರಿನಿಂದ ಐಚ್ಛಿಕ. ಬೇಡವೆಂದರೆ ನೋಂದಣಿಯ ಕೊನೆ ದಿನಕ್ಕಿಂತ 7 ದಿನ ಮೊದಲೇ ಬರೆದುಕೊಡಬೇಕು. ಒತ್ತೆ ಇಟ್ಟ ಮನೆಗೆ ಬೆಂಕಿ ವಿಮೆ ಕೇಳುವುದೂ ಬ್ಯಾಂಕಿನ ನ್ಯಾಯವಾದ ಷರತ್ತೇ, ಆದರೆ ಇಂಥದೇ ಕಂಪನಿಯದು ಬೇಕು ಎನ್ನುವಂತಿಲ್ಲ. ನಾನಿಲ್ಲಿ ಹೇಳುತ್ತಿರುವುದು ಸಾಲಗಾರನ ಜೀವದ ಮೇಲಿನ ಗುಂಪು ವಿಮೆಯ ಬಗ್ಗೆ. ಅದರಲ್ಲಿ ಮೂಲ ಪಾಲಿಸಿದಾರ ಬ್ಯಾಂಕು, ನಾವು ಸದಸ್ಯರು, ನಮಗೆ ಸಿಗಬೇಕಾದದ್ದು ಒಂದು ವಿಮಾ ಪ್ರಮಾಣಪತ್ರ. ಗೃಹಸಾಲಕ್ಕೆ ಇದು ಕಡ್ಡಾಯ ಎನ್ನುವ ಕಾನೂನಾಗಲಿ ರಿಸರ್ವ್ ಬ್ಯಾಂಕಿನ ನಿಯಮವಾಗಲಿ ಇಲ್ಲ.

‘ಇದು ಕಂಪಲ್ಸರಿ ರೀ, ಇಲ್ಲಾಂದ್ರ ಲೋನ್ ಆಗಂಗಿಲ್ಲ’ ಅಂದರು ಎನ್ನುವುದೇ ಎಲ್ಲರ ದೂರಿನ ಮೊದಲ ಸಾಲು. ನಿಜವೇ ಇರಬಹುದು. ಆದರೆ ಅದಕ್ಕೆ ಸಾಕ್ಷಿ ಇಲ್ಲ. ಬ್ಯಾಂಕು ‘ಗ್ರಾಹಕರು ಸ್ವಇಚ್ಛೆಯಿಂದ ಸಹಿ ಮಾಡಿದ್ದಾರೆ’ ಎಂದು ಎರಡು ಸಾಲು ಬರೆದು ಕಡತ ಮುಚ್ಚುತ್ತದೆ. ಹಾಗಾಗಿ ನಾನು ಮೊದಲ ಪತ್ರದಲ್ಲಿ ದೂರನ್ನೇ ಬರೆಯಲಿಲ್ಲ, ಕಾಗದ ಮಾತ್ರ ಕೇಳಿದೆ. ಸ್ಯಾಂಕ್ಷನ್ ಲೆಟರ್, ಸಾಲದ ಕರಾರು, ಸಾಲದ ಮುಖ್ಯಾಂಶಗಳ ಪತ್ರ ಅಂದರೆ ಕೆಎಫ್‌ಎಸ್, ವಿಮೆಯ ಅರ್ಜಿ ಮತ್ತು ಅದರ ಜೊತೆಗಿನ ಆರೋಗ್ಯ ಘೋಷಣೆ, ಪ್ರೀಮಿಯಂ ಕಡಿತಕ್ಕೆ ನಾನು ಕೊಟ್ಟ ಒಪ್ಪಿಗೆ, ವಿಮಾ ಪ್ರಮಾಣಪತ್ರ ಮತ್ತು ಅದು ನನಗೆ ತಲುಪಿದ ಪುರಾವೆ, ವಿಮೆ ಮಾರಿದ ಸಿಬ್ಬಂದಿಯ ಸಂಕೇತ ಸಂಖ್ಯೆ. ಬ್ಯಾಂಕಿನಲ್ಲಿ ವಿಮೆ ಮಾರುವವರಿಗೆ ಅದಕ್ಕೆಂದೇ ಪ್ರಮಾಣಪತ್ರ ಇರಬೇಕು, ಆ ಸಂಖ್ಯೆ ಅರ್ಜಿಯಲ್ಲಿ ಇರಬೇಕು. ಇಷ್ಟನ್ನು 15 ದಿನದಲ್ಲಿ ಕೊಡಿ ಎಂದು ಒಂದು ಪುಟ.

ಪತ್ರದ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ, ಇಟ್ಟು ಹೋಗ್ರಿ’ ಅಂದರೆ ಇಟ್ಟು ಬರಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರದ ಪುಟವನ್ನು ಮುದ್ರಿಸಿಡಿ, ಅದೇ ಪತ್ರವನ್ನು ಶಾಖೆಯ ಇಮೇಲಿಗೂ ಕಳಿಸಿ. ಬ್ಯಾಂಕು ಸರ್ಕಾರಿ ವಲಯದ್ದಾದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯೂ ನಡೆಯುತ್ತದೆ. ನಿಮ್ಮದೇ ಅರ್ಜಿಯ ನಕಲು ಕೇಳುವುದರಿಂದ ‘ಮೂರನೆಯವರ ಮಾಹಿತಿ’ ಎಂಬ ನೆಪ ನಿಲ್ಲುವುದಿಲ್ಲ. ಖಾಸಗಿ ಬ್ಯಾಂಕಿಗೆ ಈ ದಾರಿ ಇಲ್ಲ.

ಕಾಗದ ಬಂದ ಮೇಲೆ ಅವಸರ ಬೇಡ, ಒಂದೊಂದೇ ಕಾಲಂ ಓದಿ. ನನ್ನ ಅರ್ಜಿಯಲ್ಲಿ ಸಹಿ ನನ್ನದು, ಉಳಿದದ್ದೆಲ್ಲ ಬೇರೆಯವರ ಕೈಬರಹ. ಸಕ್ಕರೆ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಟಿಕ್. ಆ ಹೊತ್ತಿಗೆ ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನಡೆದಿತ್ತು, ಔಷಧಿ ಚೀಟಿಗಳು ಮನೆಯಲ್ಲೇ ಇದ್ದವು. ಇಮೇಲ್ ಕಾಲಂನಲ್ಲಿ ಇದ್ದ ವಿಳಾಸ ನನ್ನದಲ್ಲ. ವಿಮೆಯ ಅವಧಿ 5 ವರ್ಷ, ಸಾಲ 15 ವರ್ಷ. ನಾಮಿನಿ ಕಾಲಂ ಖಾಲಿ. ಕೆಎಫ್‌ಎಸ್‌ನಲ್ಲಿ ವಿಮೆಯ ಸುದ್ದಿಯೇ ಇಲ್ಲ.

ಈ ಒಂದೊಂದೂ ಒಂದೊಂದು ಅಸ್ತ್ರ. ಕಾಯಿಲೆ ಮುಚ್ಚಿಟ್ಟ ಪಾಲಿಸಿಯಲ್ಲಿ ನಾಳೆ ಸಾವು ಸಂಭವಿಸಿದರೆ ಕಂಪನಿ ಅದೇ ಟಿಕ್ ತೋರಿಸಿ ಕ್ಲೇಮು ತಿರಸ್ಕರಿಸಬಹುದು, ಅಂದರೆ 48 ಸಾವಿರ ಕೊಟ್ಟು ಕೊಂಡದ್ದು ಬರೀ ಕಾಗದ. ಐದು ವರ್ಷದ ರಕ್ಷಣೆ ಹದಿನೈದು ವರ್ಷದ ಸಾಲಕ್ಕೆ ತಾಳೆಯಾಗುವುದಿಲ್ಲ. ರಿಸರ್ವ್ ಬ್ಯಾಂಕಿನ 2014ರ ಗ್ರಾಹಕ ಹಕ್ಕುಗಳ ಸನ್ನದಿನಲ್ಲಿರುವ ಐದು ಹಕ್ಕುಗಳಲ್ಲಿ ‘ತನಗೆ ಹೊಂದುವ ಉತ್ಪನ್ನ’ ಪಡೆಯುವ ಹಕ್ಕೂ ಒಂದು. ಇಮೇಲ್ ನನ್ನದಲ್ಲ ಎಂದ ಮೇಲೆ ‘ಪ್ರಮಾಣಪತ್ರ ಕಳಿಸಿದ್ದೇವೆ’ ಎಂಬ ಮಾತು ನಿಲ್ಲುವುದಿಲ್ಲ. ಒಂದು ವರ್ಷ ಅಥವಾ ಹೆಚ್ಚಿನ ಅವಧಿಯ ಪಾಲಿಸಿಗೆ ದಾಖಲೆ ಕೈಸೇರಿದ ದಿನದಿಂದ 30 ದಿನ ಫ್ರೀ ಲುಕ್ ಇರುತ್ತದೆ, ಆ ಅವಧಿಯಲ್ಲಿ ಬೇಡವೆಂದು ಹಿಂದಿರುಗಿಸಬಹುದು. ಕೈಸೇರಿಯೇ ಇಲ್ಲ ಎಂದಾದರೆ ದಿನಗಣನೆ ಶುರುವಾಗಿಲ್ಲ ಎಂದೇ ವಾದಿಸಿದೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಕೆಎಫ್‌ಎಸ್. 2024ರ ಅಕ್ಟೋಬರ್ 1ರಿಂದ ಮಂಜೂರಾದ ಹೊಸ ಚಿಲ್ಲರೆ ಸಾಲಗಳಿಗೆ, ಅಂದರೆ ಗೃಹಸಾಲದಂಥ ವೈಯಕ್ತಿಕ ಸಾಲಗಳಿಗೆ, ಇದು ಕಡ್ಡಾಯ. ಮೂರನೆಯವರ ಪರವಾಗಿ ವಸೂಲು ಮಾಡುವ ವಿಮಾ ಶುಲ್ಕವನ್ನೂ ಸಾಲದ ಒಟ್ಟು ವೆಚ್ಚ ತೋರಿಸುವ ವಾರ್ಷಿಕ ದರದ ಲೆಕ್ಕದಲ್ಲಿ ಸೇರಿಸಿ ಪ್ರತ್ಯೇಕವಾಗಿ ತೋರಿಸಬೇಕು, ರಸೀದಿ ಕೊಡಬೇಕು, ಅದರಲ್ಲಿ ನಮೂದಿಸದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಎಂಬುದೂ ಅದೇ ನಿಯಮ. ನನಗೆ ಕೊಟ್ಟದ್ದು ಪೂರ್ತಿ ಇಂಗ್ಲಿಷಿನಲ್ಲಿತ್ತು. ಅದನ್ನು ದೂರಿನಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಬಿಟ್ಟೆ, ಮುಖ್ಯ ವಾದ ಮಾಡಲಿಲ್ಲ. ನಿಮ್ಮ ಸಾಲ ಅದಕ್ಕಿಂತ ಹಳೆಯದಾದರೆ ಈ ಅಸ್ತ್ರ ಇಲ್ಲ, ಉಳಿದವು ಇವೆ.

ದೂರಿನಲ್ಲಿ ಒಂದು ಪದ ತಪ್ಪಿದರೆ ಸಾವಿರಾರು ರೂಪಾಯಿ ಹೋಗುತ್ತದೆ: ‘ಸರೆಂಡರ್’. ಶಾಖೆಯವರು ‘ಒಂದು ಸರೆಂಡರ್ ಫಾರಂ ತುಂಬಿಕೊಡ್ರಿ, ಆಗಿಬಿಡ್ತದ’ ಎಂದು ಸಹಾಯದ ಧಾಟಿಯಲ್ಲೇ ಹೇಳುತ್ತಾರೆ. ಸರೆಂಡರ್ ಅಂದರೆ ಪಾಲಿಸಿ ಸರಿಯಾಗಿಯೇ ಇತ್ತು, ಈಗ ನನಗೆ ಬೇಡ ಎಂದು ಒಪ್ಪಿಕೊಂಡಂತೆ. ಉಳಿದ ಅವಧಿಯ ಲೆಕ್ಕ ಹಾಕಿ ಕಡಿತ ಕಳೆದು ಒಂದು ಭಾಗ ಕೊಡುತ್ತಾರೆ. ಸಾಲ ಬೇಗ ತೀರಿಸಿದವರಿಗೆ ಆ ಫಾರಂ ಸರಿ. ತಪ್ಪಾಗಿ ಮಾರಿದ್ದಾರೆ ಎನ್ನುವವರು ಕೇಳಬೇಕಾದದ್ದು ಮೊದಲಿನಿಂದಲೇ ರದ್ದು. ನಾನು ಬರೆದ ಬೇಡಿಕೆ ಹೀಗಿತ್ತು:

‘ಸದರಿ ವಿಮಾ ಸದಸ್ಯತ್ವವನ್ನು ಆರಂಭದ ದಿನಾಂಕದಿಂದಲೇ ರದ್ದುಪಡಿಸಿ, ಜಿಎಸ್‌ಟಿ ಸಹಿತ ಪೂರ್ತಿ ರೂ. 48,380ನ್ನು ನನ್ನ ಸಾಲದ ಖಾತೆಗೆ, ಅದು ಖರ್ಚು ಬಿದ್ದ ದಿನಾಂಕದ ವ್ಯಾಲ್ಯೂ ಡೇಟಿನಲ್ಲಿ ಜಮಾ ಮಾಡಿ, ಅದರ ಮೇಲೆ ಈವರೆಗೆ ಹಾಕಿದ ಬಡ್ಡಿಯನ್ನು ಹಿಂತೆಗೆಯಬೇಕು. ಇದು ಸರೆಂಡರ್ ಕೋರಿಕೆ ಅಲ್ಲ.’

ವ್ಯಾಲ್ಯೂ ಡೇಟ್ ಅಂದರೆ ಜಮಾ ಯಾವ ದಿನದಿಂದ ಬಡ್ಡಿಯ ಲೆಕ್ಕಕ್ಕೆ ಬರುತ್ತದೋ ಆ ದಿನ. ಆ ಮಾತು ಬಿಟ್ಟರೆ ರೊಕ್ಕ ಬಂದ ದಿನದ ಜಮಾ ಆಗುತ್ತದೆ, ಅಲ್ಲಿಯವರೆಗಿನ ಬಡ್ಡಿ ನಮ್ಮ ತಲೆಗೆ. ಈ ಮೊತ್ತಕ್ಕೆ ಮೊದಲ ತಿಂಗಳ ಬಡ್ಡಿಯೇ 363 ರೂಪಾಯಿ.

ದೂರನ್ನು ಶಾಖೆಗೆ ಮಾತ್ರ ಕೊಟ್ಟರೆ ಸಾಲದು. ಬ್ಯಾಂಕಿನ ದೂರು ಪೋರ್ಟಲಿನಲ್ಲೂ ಹಾಕಿ ನೋಂದಣಿ ಸಂಖ್ಯೆ ಪಡೆಯಿರಿ, ಮುಂದೆ ಎಲ್ಲರೂ ಕೇಳುವುದು ಆ ಸಂಖ್ಯೆ ಮತ್ತು ದಿನಾಂಕ. ಅದೇ ದಿನ ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೂ ಅದೇ ಪತ್ರ. ಇಲ್ಲವಾದರೆ ‘ಕಂಪನಿಯನ್ನು ಕೇಳಿ’ ಎಂದು ಬ್ಯಾಂಕು, ‘ಮೂಲ ಪಾಲಿಸಿದಾರ ಬ್ಯಾಂಕು, ಅವರ ಮೂಲಕ ಬನ್ನಿ’ ಎಂದು ಕಂಪನಿ, ಎರಡು ತಿಂಗಳು ಚೆಂಡಾಟ ಆಡಿಸುತ್ತವೆ. ಕಂಪನಿ ಜಗ್ಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾ ಇದೆ, ದೂರವಾಣಿ 155255. ಅದರ ನಂತರ ಬೆಂಗಳೂರಿನ ವಿಮಾ ಲೋಕಪಾಲರು (ಓಂಬುಡ್ಸ್‌ಮನ್), ಇಡೀ ಕರ್ನಾಟಕಕ್ಕೆ ಅದೇ ಕಚೇರಿ.

ಈ ನಡುವೆ ಸಿಟ್ಟಿನಿಂದ ಕಂತು ನಿಲ್ಲಿಸಬೇಡಿ. 491 ರೂಪಾಯಿ ಕಡಿಮೆ ಕಟ್ಟಿದರೂ ಖಾತೆ ಬಾಕಿ ತೋರಿಸುತ್ತದೆ, ಸಾಲದ ಇತಿಹಾಸದ ಸಿಬಿಲ್ ಅಂಕ ಕೆಡುತ್ತದೆ, ವಾದವೂ ದುರ್ಬಲವಾಗುತ್ತದೆ. ವಿಮೆಯೇ ಬೇಡ ಎಂದೂ ನಾನು ಹೇಳುವುದಿಲ್ಲ. ದುಡಿಯುವ ಕೈ ಒಂದೇ ಇರುವ ಮನೆಯಲ್ಲಿ ಸಾಲಕ್ಕೆ ತಕ್ಕ ರಕ್ಷಣೆ ಬೇಕು. ಆದರೆ ಬೇರೆ ಟರ್ಮ್ ಪಾಲಿಸಿಯನ್ನು ನಿಜವಾದ ಆರೋಗ್ಯ ವಿವರ ಕೊಟ್ಟು ತೆಗೆದುಕೊಂಡು, ಅದು ಜಾರಿಯಾದ ಮೇಲೆ ಇದನ್ನು ರದ್ದು ಮಾಡಿಸುವುದು ಒಳ್ಳೆಯದು.

ಬ್ಯಾಂಕಿನ ಉತ್ತರ 22ನೇ ದಿನ ಬಂತು: ಸರೆಂಡರ್ ಮೌಲ್ಯ ಕೊಡಲು ಸಿದ್ಧ, ಜೊತೆಗೆ ‘ಮುಂದೆ ಯಾವ ತಕರಾರೂ ಇಲ್ಲ’ ಎಂಬ ಒಪ್ಪಿಗೆ ಪತ್ರ. ಸಹಿ ಹಾಕಲಿಲ್ಲ. ಇಂಥ ತಿರಸ್ಕಾರದ ಉತ್ತರ ಬಂದಾಗ ಗಮನಿಸಬೇಕಾದ ಒಂದು ಸಂಗತಿ: ದೊಡ್ಡ ಬ್ಯಾಂಕುಗಳಲ್ಲಿ ದೂರನ್ನು ಪೂರ್ತಿಯಾಗಲಿ ಭಾಗಶಃವಾಗಲಿ ತಿರಸ್ಕರಿಸುವ ಮೊದಲು ಅವರದೇ ಆಂತರಿಕ ಲೋಕಪಾಲರು ನೋಡಿರಬೇಕು, ಉತ್ತರದಲ್ಲಿ ಅದನ್ನು ಹೇಳಿರಬೇಕು. ಹೇಳಿಲ್ಲದಿದ್ದರೆ ಅದನ್ನೂ ಮುಂದಿನ ದೂರಿನಲ್ಲಿ ಬರೆಯಿರಿ.

ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ 30 ದಿನವಾದರೂ ಉತ್ತರವೇ ಬರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರು. ಶುಲ್ಕ ಇಲ್ಲ. ರಿಸರ್ವ್ ಬ್ಯಾಂಕಿನ ಆನ್‌ಲೈನ್ ದೂರು ವ್ಯವಸ್ಥೆಯಾದ ಸಿಎಂಎಸ್ ಪೋರ್ಟಲಿನಲ್ಲಿ ಹಾಕಬಹುದು, ಅಂಚೆಯಲ್ಲಾದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ಸ್ವೀಕೃತಿ ಕೇಂದ್ರಕ್ಕೆ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಗ್ರಾಮೀಣ ಬ್ಯಾಂಕುಗಳೂ ಇದರಡಿ ಬರುತ್ತವೆ, ಊರಿನ ಕೃಷಿ ಪತ್ತಿನ ಸೊಸೈಟಿ ಬರುವುದಿಲ್ಲ. ತಡ ಮಾಡಬೇಡಿ, ಉತ್ತರ ಬಂದ ತಿಂಗಳೊಳಗೆ ಹಾಕಿಬಿಡಿ. ಇಲ್ಲಿ ಎಡವುವುದು ಮೂರು ಕಡೆ: ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಬರುವುದು, ವಕೀಲರ ಮೂಲಕ ಹಾಕಿಸುವುದು, ಇದೇ ವಿಷಯ ಗ್ರಾಹಕರ ಆಯೋಗದಲ್ಲಿ ಇರುವಾಗ ಇಲ್ಲಿಗೂ ಬರುವುದು. ಯಾವುದಾದರೂ ಒಂದು ಇದ್ದರೂ ದೂರು ಒಳಗೇ ಹೋಗದೆ ಮುಚ್ಚಿಹೋಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳಗಳ ಜಿಲ್ಲಾ ಗ್ರಾಹಕರ ಆಯೋಗಗಳಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷದ ಅವಧಿ ಇದೆ. ಅದನ್ನು ನಾನು ಕೊನೆಯ ಮೆಟ್ಟಿಲೆಂದು ಉಳಿಸಿಕೊಂಡಿದ್ದೆ.

ಲಗತ್ತಿಸಿದ್ದು ಹನ್ನೊಂದು ಪುಟ, ಅಷ್ಟೇ. ಸ್ಟೇಟ್‌ಮೆಂಟಿನ ಆ ಸಾಲಿಗೆ, ಅರ್ಜಿಯ ಟಿಕ್‌ಗೆ, ಪರರ ಇಮೇಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಸ್ಕ್ಯಾನ್ ಮಾಡಿದೆ. ಲೋಕಪಾಲರ ಕಚೇರಿಯಿಂದ ಬ್ಯಾಂಕಿಗೆ ಪತ್ರ ಹೋದ ಮೇಲೆ, ಆದೇಶದವರೆಗೂ ಹೋಗದೆ ಬ್ಯಾಂಕೇ ಒಪ್ಪಿತು.

ಜಮಾ ಆದ ಮೇಲೂ ಕೆಲಸ ಉಳಿದಿರುತ್ತದೆ. ಹೊಸ ಸ್ಟೇಟ್‌ಮೆಂಟಿನಲ್ಲಿ ವ್ಯಾಲ್ಯೂ ಡೇಟ್ ನೋಡಿ, ಬಡ್ಡಿ ಹಿಂತೆಗೆದ ಸಾಲು ಬೇರೆ ಇದೆಯೇ ನೋಡಿ, ವಿಮಾ ಕಂಪನಿಯಿಂದ ರದ್ದಾದ ಪತ್ರ ತೆಗೆದುಕೊಳ್ಳಿ. 48,380 ಜಮಾ ಆದರೂ ಮುಂದಿನ ತಿಂಗಳು ಹೋದದ್ದು ಮತ್ತೆ 12,662ವೇ. ಕಂಪ್ಯೂಟರು ಅದನ್ನು ಮುಂಗಡ ಪಾವತಿ ಎಂದುಕೊಂಡು ಅವಧಿಯನ್ನು ಕಡಿಮೆ ಮಾಡಿತ್ತು. ಕಂತನ್ನೇ ಇಳಿಸಬೇಕೆಂದರೆ ಬೇರೆ ಅರ್ಜಿ ಕೊಡಬೇಕು. ಅದಕ್ಕೂ ಎರಡು ಪ್ರತಿ, ಒಂದರ ಮೇಲೆ ಸೀಲು.