ನೈರೋಬಿಯಿಂದ ಮೊಂಬಾಸಾಗೆ: ರೈಲು ಹತ್ತುವುದು ಹೇಗೆ?

ಕೆನ್ಯಾದ ಮಡರಾಕಾ ಎಕ್ಸ್‌ಪ್ರೆಸ್ 2017ರ ಜೂನ್‌ನಿಂದ ಓಡುತ್ತಿದೆ. ಸುಮಾರು 470 ಕಿ.ಮೀ. ದಾರಿಗೆ ಐದಾರು ಗಂಟೆ ಸಾಕು. ಗಾಡಿಯೊಳಗೆ ತಕರಾರು ಕಡಿಮೆ. ಎಡವಟ್ಟಾಗುವುದೆಲ್ಲ ಹತ್ತುವ ಮೊದಲೇ.

ಊರಲ್ಲಿರುವಾಗಲೇ ಎರಡು ಕೆಲಸ ಮುಗಿಸಿ. 2024ರಿಂದ ವೀಸಾ ಬದಲು ಬಂದಿರುವ ಇ-ಟಿಎ ಅನುಮತಿ ಪಡೆಯಿರಿ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿ. ಆ ಪ್ರಮಾಣಪತ್ರ ಇಲ್ಲದೆ ಮರಳಿದರೆ ಭಾರತದಲ್ಲೇ ನಿಮ್ಮನ್ನು ಕ್ವಾರಂಟೈನ್‌ಗೆ ಹಾಕಬಹುದು.

ನೈರೋಬಿಯಲ್ಲಿ ಇಳಿದ ಕೂಡಲೇ ಪಾಸ್‌ಪೋರ್ಟ್ ತೋರಿಸಿ ಸ್ಥಳೀಯ ಸಿಮ್ ಕೊಂಡು ಎಂ-ಪೇಸಾ (ಮೊಬೈಲ್‌ನಲ್ಲೇ ಹಣ ಕಟ್ಟುವ ಸೇವೆ) ಮಾಡಿಸಿಕೊಳ್ಳಿ. ರೈಲ್ವೆಯ ಬುಕಿಂಗ್ ತಾಣದಲ್ಲಾಗಲಿ, ಸ್ಟಾರ್ 639 ಹ್ಯಾಷ್ ಒತ್ತಿಯಾಗಲಿ ಟಿಕೆಟ್ ತೆಗೆಯುವಾಗ ಅದರಿಂದ ಹಣ ಕಟ್ಟಬಹುದು. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಒಂದಕ್ಷರವೂ ತಪ್ಪಬಾರದು, ಗೇಟಿನಲ್ಲಿ ತಾಳೆ ನೋಡುತ್ತಾರೆ. ಶುಕ್ರವಾರ, ಭಾನುವಾರ, ಶಾಲಾ ರಜೆಗಳಲ್ಲಿ ಸೀಟು ಬೇಗ ತುಂಬುತ್ತವೆ.

2024ರ ಜನವರಿಯಲ್ಲಿ ದರ ಏರಿ ಎಕಾನಮಿಗೆ 1,500, ಫಸ್ಟ್ ಕ್ಲಾಸಿಗೆ 4,500 ಶಿಲ್ಲಿಂಗ್ ಆಯಿತು. ಎಕಾನಮಿಯಲ್ಲಿ ಒಂದು ಬದಿ ಮೂವರು, ಇನ್ನೊಂದು ಬದಿ ಇಬ್ಬರು, ಎದುರುಬದುರು; ಎದುರಿನವರ ಮೊಣಕಾಲು ತಾಗುತ್ತದೆ. ಉದ್ದ ಕಾಲಿನವರಿಗೆ ಫಸ್ಟ್ ಕ್ಲಾಸಿಗೆ ಕೊಡುವ ಹೆಚ್ಚಿನ ದುಡ್ಡು ದಂಡವೇನಲ್ಲ.

ನಿಲ್ದಾಣ ಇರುವುದು ಊರಾಚೆಯ ಸ್ಯೊಕಿಮಾವುನಲ್ಲಿ. ಮೊಂಬಾಸಾ ರಸ್ತೆಯ ಟ್ರಾಫಿಕ್ಕಿಗೆ ಸಿಕ್ಕಿ ಗಾಡಿ ತಪ್ಪಿಸಿಕೊಂಡವರು ಬಹಳ. ನಗರದೊಳಗಿನ ಹಳೇ ರೈಲು ನಿಲ್ದಾಣದಿಂದ ಲೋಕಲ್ ಗಾಡಿ ಹಿಡಿಯುವುದೇ ಜಾಣತನ. ಒಂದೂವರೆ ಗಂಟೆ ಮೊದಲು ತಲುಪಿ. ಅಂಗಳದಲ್ಲಿ ಬ್ಯಾಗುಗಳನ್ನು ಸಾಲಾಗಿ ನೆಲಕ್ಕಿಡಿಸಿ ನಿಮ್ಮನ್ನು ದೂರ ನಿಲ್ಲಿಸುತ್ತಾರೆ. ಪೊಲೀಸ್ ನಾಯಿ ಒಂದೊಂದನ್ನೇ ಮೂಸಿ ಮುಂದೆ ಹೋಗುತ್ತದೆ. ಆಮೇಲೆ ಎಕ್ಸ್‌ರೇ. ಮದ್ಯ, ಚಾಕು ಒಳಗೆ ಬಿಡುವುದಿಲ್ಲ. ಚಟ್ನಿಪುಡಿ ಸುತ್ತಿದ ಕ್ಯಾರಿಬ್ಯಾಗನ್ನೂ ಮನೆಯಲ್ಲೇ ಬಿಡಿ: 2017ರ ಆಗಸ್ಟ್‌ನಿಂದ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಮೊಬೈಲ್‌ಗೆ ಬಂದ ಸಂದೇಶವೇ ಟಿಕೆಟ್ ಅಂದುಕೊಳ್ಳಬೇಡಿ. ನಿಲ್ದಾಣದ ಯಂತ್ರದಲ್ಲಿ ಕಾಗದದ ಟಿಕೆಟ್ ಮುದ್ರಿಸಿಕೊಳ್ಳಬೇಕು. ಆ ಸಾಲಿಗೂ ಸಮಯ ಬೇಕು.

ನೋಡುವ ಆಸೆಯಿದ್ದರೆ ಬೆಳಗಿನ ಗಾಡಿ ಹಿಡಿಯಿರಿ. ಎಮಾಲಿ ದಾಟಿದ ಮೇಲೆ ಮೋಡವಿಲ್ಲದಿದ್ದರೆ ಬಲಗಡೆ ಕಿಲಿಮಂಜಾರೋ ಕಾಣುತ್ತದೆ. ಮ್ಟಿಟೊ ಅಂಡೈನಿಂದ ಮುಂದೆ ತ್ಸಾವೊ ಕಾಡು. ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಎರಡೂ ಬದಿ ಇರಬಹುದು. ಹಳಿ ಎತ್ತರದ ಏರಿಯ ಮೇಲಿರುವುದರಿಂದ ದೂರದವೂ ಕಾಣುತ್ತವೆ. 1898ರಲ್ಲಿ ಹಳೇ ಮೀಟರ್‌ಗೇಜ್ ಹಾಕುತ್ತಿದ್ದ ಭಾರತೀಯ ಕೂಲಿಗಳ ಮೇಲೆ ಸಿಂಹಗಳು ಎರಗಿದ್ದು ಇದೇ ಸೀಮೆಯಲ್ಲಿ.

ಮೊಂಬಾಸಾ ನಿಲ್ದಾಣವೂ ದ್ವೀಪದ ಹೊರಗೆ, ಮಿರಿಟಿನಿಯಲ್ಲಿದೆ. ಊರಿಗೆ ಮಟಾಟು (ಹಲವರು ಕೂಡಿ ಹೋಗುವ ಬಾಡಿಗೆ ವ್ಯಾನು) ಅಗ್ಗ. ಟುಕ್‌ಟುಕ್ ಆದರೆ ಹತ್ತುವ ಮೊದಲೇ ದರ ಒಪ್ಪಿಸಿ. ಡಿಯಾನಿ ಕಡಲತೀರಕ್ಕೆ ಹೋಗುವವರು ಡೊಂಗೊ ಕುಂಡು ಬೈಪಾಸ್ ಮೇಲೆ ಹೋಗುವಂತೆ ಚಾಲಕನಿಗೆ ಹೇಳಿ. ಲಿಕೋನಿ ಫೆರಿಯ ಸಾಲಿನಲ್ಲಿ ಬೇಯುವುದು ತಪ್ಪುತ್ತದೆ.