ಅಮೆರಿಕದಲ್ಲಿ ರಾಜ್ಯ ಬದಲಿಸುವ ಹೊಸಬರಿಗೆ: ಸಾಮಾನಿನ ತೂಕ ಮತ್ತು ಲಾರಿಯ ತಾರೀಖು

ಲಾರಿಯವರೊಡನೆ ಒಟ್ಟು ಬಾಡಿಗೆ ಮಾತಾಡಿ, ಬೆಳಿಗ್ಗೆ ತುಂಬಿಸಿ ಸಂಜೆಗೆ ಇಳಿಸಿಕೊಂಡು ರೂಢಿಯಾದ ನಮಗೆ ಅಮೆರಿಕದ ಪದ್ಧತಿ ಹೊಸದು. ಇಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸುವ ಬಾಡಿಗೆ ಸಾಮಾನ್ಯವಾಗಿ ತೂಕ ಮತ್ತು ದೂರದ ಮೇಲೆ ನಿಂತಿರುತ್ತದೆ. ಮನೆಗೆ ಬಂದು ಸಾಮಾನು ನೋಡದೆ ಫೋನಿನಲ್ಲೇ ಹೇಳಿದ ಮೊತ್ತವನ್ನು ಕೊನೆಯ ಮಾತೆಂದು ನಂಬಿ ನಮ್ಮವರು ಮತ್ತೆ ಮತ್ತೆ ಪೇಚಿಗೆ ಸಿಲುಕುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಲಾರಿಯನ್ನು ನಿಮ್ಮ ಸಾಮಾನು ಹೇರುವ ಮೊದಲು ಒಮ್ಮೆ, ಹೇರಿದ ಮೇಲೆ ಒಮ್ಮೆ ತೂಗಿ, ನಡುವಿನ ವ್ಯತ್ಯಾಸಕ್ಕೆ ನಿಮ್ಮಿಂದ ಹಣ ಪಡೆಯುತ್ತಾರೆ. ಮೊದಲ ಸಲ ತೂಗುವಾಗಲೇ ಅವರ ಕಂಬಳಿ, ತಳ್ಳುಗಾಡಿ, ಹಗ್ಗಗಳೆಲ್ಲ ಒಳಗಿರಬೇಕು; ಇಲ್ಲದಿದ್ದರೆ ಅವುಗಳ ಭಾರವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಹಾಗೆಯೇ ತೂಗುವ ಹೊತ್ತಿಗೆ ಚಾಲಕನಾಗಲಿ ಕೆಲಸದವರಾಗಲಿ ಲಾರಿಯಲ್ಲಿ ಕುಳಿತಿರಬಾರದು, ಮತ್ತು ಮೊದಲು ಖಾಲಿ ಲಾರಿಯನ್ನು ತೂಗಿದ್ದರೆ ಆಮೇಲೆ ನಡುವೆ ಡೀಸೆಲ್ ತುಂಬಿಸಬಾರದು. ಎದುರಿಗೆ ನಿಂತು ನೋಡುವುದು ನಿಮ್ಮ ಹಕ್ಕು, ಸಂಕೋಚ ಬೇಡ. ತೂಕದ ಚೀಟಿಯಲ್ಲಿ ಅನುಮಾನ ಬಂದರೆ ಸಾಮಾನು ಇಳಿಸುವ ಮುನ್ನವೇ ಮರುತೂಕ ಕೇಳಿ: ಅದಕ್ಕೆ ಅವರು ಶುಲ್ಕ ಹಾಕುವಂತಿಲ್ಲ, ಬಿಲ್ಲನ್ನು ಹೊಸ ತೂಕದಂತೆ ತಿದ್ದಬೇಕು.

ಅಂದಾಜು ಪತ್ರವನ್ನು ಬರಹದಲ್ಲೇ ಪಡೆಯಿರಿ. ಅದು ಬದ್ಧವಲ್ಲದ ಅಂದಾಜಾದರೆ, ಅಂದರೆ ಕೊನೆಯ ಬಿಲ್ಲು ಅದಕ್ಕಿಂತ ಹೆಚ್ಚು ಕಡಿಮೆ ಆಗಬಹುದಾದ ಅಂದಾಜಾದರೆ, ನೀವು ಹೆಚ್ಚಿನ ಸೇವೆ ಕೇಳಿರದಿದ್ದಲ್ಲಿ, ಸಾಮಾನು ಇಳಿಸುವ ದಿನ ಅದರ ಶೇ. 110ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಾಕಿಯನ್ನು ಆಮೇಲೆ ಬಿಲ್ ಕಳುಹಿಸಿ ಪಡೆಯಬಹುದು. ಕಂಪನಿಯ ಯುಎಸ್‌ಡಾಟ್ ಸಂಖ್ಯೆಯನ್ನು (ಅಮೆರಿಕದ ಸಾರಿಗೆ ಇಲಾಖೆ ಕೊಡುವ ನೋಂದಣಿ ಸಂಖ್ಯೆ) ಸರ್ಕಾರದ ಜಾಲತಾಣದಲ್ಲಿ ಪರೀಕ್ಷಿಸಿಬಿಡಿ.

ತಾರೀಖಿನ ವಿಷಯಕ್ಕೆ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಒಂದೇ ಟ್ರೈಲರ್‌ನಲ್ಲಿ ಹಲವು ಮನೆಗಳ ಸಾಮಾನು ಹೋಗುವುದರಿಂದ ಅವರು ಕೊಡುವುದು ಒಂದು ದಿನವನ್ನಲ್ಲ, ಇಂಥ ದಿನದಿಂದ ಇಂಥ ದಿನದೊಳಗೆ ಎಂಬ ಅವಧಿಯನ್ನು. ಆ ಎರಡೂ ತಾರೀಖುಗಳು ಬಿಲ್ ಆಫ್ ಲೇಡಿಂಗ್‌ನಲ್ಲಿ, ಅಂದರೆ ಸಾಮಾನು ಸಾಗಿಸುವ ಕರಾರು ಪತ್ರದಲ್ಲಿ, ಬರೆದಿರಲಿ. ಶಾಲೆಗೆ ರಜೆಯಿರುವ ಬೇಸಿಗೆಯಲ್ಲೇ ಎಲ್ಲರೂ ಮನೆ ಬದಲಿಸುವುದರಿಂದ ಆಗ ಲಾರಿ ಸಿಗುವುದೂ ಕಷ್ಟ, ಅವಧಿಯೂ ಉದ್ದ. ಅವಧಿಯ ಮೊದಲ ದಿನವೇ ಲಾರಿ ಬಂದು ನೀವು ಅಲ್ಲಿರದಿದ್ದರೆ ಗೋದಾಮಿನ ಬಾಡಿಗೆ ನಿಮ್ಮ ತಲೆಗೆ ಬರಬಹುದು. ಕೊನೆಯ ದಿನ ಬಂದರೆ ಮಕ್ಕಳು ಅಷ್ಟು ದಿನವೂ ಗೆಳೆಯರಿಲ್ಲದ ಹೊಸ ಊರಿನ ಬರಿದಾದ ಮನೆಯಲ್ಲಿ ಕಳೆಯಬೇಕು. ಅವರ ಹಾಸಿಗೆ, ಬಟ್ಟೆ, ಶಾಲೆಯ ಕಾಗದಗಳು, ಪ್ರೀತಿಯ ಆಟಿಕೆಗಳು ನಿಮ್ಮ ಕಾರಿನಲ್ಲೇ ಬರಲಿ.

ತೂಕ ಕಡಿಮೆ ಮಾಡಬೇಕೆಂದಾಗ ನಮ್ಮವರು ಮೊದಲು ಕೈಬಿಡುವುದು ಕನ್ನಡ ಪುಸ್ತಕಗಳನ್ನು, ಏಕೆಂದರೆ ಅವು ತೂಗುತ್ತವೆ. ಹಳೆಯ ಸೋಫಾ ಹೋದ ಕಡೆಯೂ ಸಿಗುತ್ತದೆ. ಮಕ್ಕಳು ಅಕ್ಷರ ಕಲಿತ ಪುಸ್ತಕ ಸಿಗುವುದಿಲ್ಲ. ದಯವಿಟ್ಟು ಸೋಫಾ ಬಿಡಿ. ಪುಸ್ತಕಗಳನ್ನು ಅಮೆರಿಕದ ಅಂಚೆಯ ಮೀಡಿಯಾ ಮೇಲ್‌ನಲ್ಲಿ ಕಡಿಮೆ ದರಕ್ಕೆ ಕಳುಹಿಸಬಹುದು: ಒಂದು ಪೆಟ್ಟಿಗೆ 70 ಪೌಂಡ್ ಮೀರಬಾರದು, ಜೊತೆಗೆ ಬಟ್ಟೆಬರೆ ತುರುಕಬಾರದು.