ಬೆಲ್ಟ್ ಬದಲಿಸಿದ ಮೇಲೂ ಬಂದ ಕೀರಲು ಸದ್ದು: ಹಳೆಯ ವಾಷಿಂಗ್ ಮೆಷಿನ್ ರಿಪೇರಿಯಲ್ಲಿ ನನ್ನ ಅನುಭವ

ಕೋಲಾರದ ನಮ್ಮ ಮನೆಯಲ್ಲಿ ಅಪ್ಪ 1996ರಲ್ಲಿ ತಂದ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮೆಷಿನ್ ಇದೆ. ಒಗೆಯಲು ಒಂದು ಟಬ್, ಹಿಂಡಲು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಮೋಟಾರು. ಕಳೆದ ವರ್ಷ ಒಗೆಯುವ ಕಡೆ ತೊಂದರೆ ಶುರುವಾಯಿತು. ಬರೀ ನೀರು ತುಂಬಿಸಿದಾಗ ಸರಿಯಾಗಿ ತಿರುಗುತ್ತಿದ್ದ ಪಲ್ಸೇಟರ್, ಅಂದರೆ ಟಬ್ಬಿನ ತಳದ ತಟ್ಟೆ, ನಾಲ್ಕು ಬಟ್ಟೆ ಹಾಕಿದೊಡನೆ ನಿಧಾನವಾಗಿ ಕೀರಲು ಸದ್ದು ಮಾಡುತ್ತಿತ್ತು. ಜೊತೆಗೆ ರಬ್ಬರ್ ಸುಟ್ಟ ವಾಸನೆ. ನೋಡಲು ಬಂದ ಮೆಕ್ಯಾನಿಕ್ ಹಿಂಬದಿಯ ಮುಚ್ಚಳವನ್ನೂ ಬಿಚ್ಚದೆ, ಇದರ ಭಾಗಗಳು ಈಗ ಸಿಗುವುದಿಲ್ಲ, ಗುಜರಿಗೆ ಹಾಕಿಬಿಡಿ ಎಂದು ಹೇಳಿ ಹೋದರು. ಅಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ.

ಇಂಥ ಮೆಷಿನ್ ಗುಂಯ್ ಎಂದು ನಿಂತರೆ ಎಲ್ಲರೂ ಮೊದಲು ಅನುಮಾನಪಡುವುದು ಮೋಟಾರು ತಿರುಗಲು ನೆರವಾಗುವ ಕೆಪಾಸಿಟರನ್ನು. ನಾನೂ ಅಲ್ಲಿಂದಲೇ ಆರಂಭಿಸಿದೆ. ಪ್ಲಗ್ ಕಿತ್ತು, ಕೆಪಾಸಿಟರಿನ ಎರಡು ತುದಿಗಳಿಗೆ ಹೋಲ್ಡರಿನಲ್ಲಿ ಹಾಕಿದ 60 ವ್ಯಾಟಿನ ಬಲ್ಬಿನ ವೈರುಗಳನ್ನು ತಾಗಿಸಿ, ಉಳಿದಿದ್ದ ಚಾರ್ಜನ್ನು ಇಳಿಸಿದ ನಂತರವೇ ಕೈಯಿಟ್ಟೆ. ಮೇಲೆ 10 ಮೈಕ್ರೋಫ್ಯಾರಡ್ ಎಂದು ಬರೆದಿತ್ತು, ಮೀಟರ್ 9.7 ತೋರಿಸಿತು, ಅದರಲ್ಲಿ ದೋಷವಿರಲಿಲ್ಲ. ಬಳಿಕ ಮೋಟಾರಿನ ತಿರುಗುವಿಕೆಯನ್ನು ಪಲ್ಸೇಟರಿಗೆ ಮುಟ್ಟಿಸುವ ಬೆಲ್ಟನ್ನು ಕಳಚಿ ಮೋಟಾರನ್ನಷ್ಟೇ ಓಡಿಸಿದೆ. ಟೈಮರ್ ದಿಕ್ಕು ಬದಲಿಸಿದಾಗಲೆಲ್ಲ ಅದು ಎಡಕ್ಕೂ ಬಲಕ್ಕೂ ಒಂದೇ ಚುರುಕಿನಿಂದ ಎದ್ದಿತು. ಮೋಟಾರು, ಕೆಪಾಸಿಟರ್, ಟೈಮರ್ ಮೂರರ ಮೇಲಿನ ಅನುಮಾನವೂ ಈ ಒಂದೇ ಪರೀಕ್ಷೆಯಿಂದ ಕಳೆಯಿತು. ಬೆಲ್ಟ್ ಕಳಚಿ ನೋಡುವುದಕ್ಕೆ ಐದು ನಿಮಿಷವೂ ಬೇಡ, ಆದರೂ ಬಹಳ ಮಂದಿ ಇದನ್ನು ಮಾಡದೆಯೇ ಮೋಟಾರನ್ನು ವೈಂಡಿಂಗಿಗೆ ಕೊಡುತ್ತಾರೆ.

ಕಳಚಿದ ಬೆಲ್ಟನ್ನು ಬಿಸಿಲಿಗೆ ಹಿಡಿದಾಗ ಅದರ ಎರಡು ಓರೆ ಬದಿಗಳೂ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಪುಲ್ಲಿಯನ್ನು, ಅಂದರೆ ಬೆಲ್ಟ್ ಕೂರುವ ಚಕ್ರವನ್ನು, ಹಿಡಿಯಬೇಕಾದ ಬದಿಗಳು ಹೀಗೆ ಹೊಳೆದರೆ ಬೆಲ್ಟ್ ಜಾರುತ್ತಿದೆ ಎಂದೇ ಅರ್ಥ. ಅದರ ಮೇಲಿನ ನಂಬರ್ ನೋಡಿ ಅದೇ ಅಳತೆಯದನ್ನು ತಂದು ಹಾಕಿದೆ. ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ, ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10 ಮಿಲಿಮೀಟರ್ ಬಾಗುವಷ್ಟು ಬಿಗಿ ಮಾಡಿದೆ. ನಾಲ್ಕು ದಿನ ಸದ್ದಿಲ್ಲದೆ ನಡೆದ ಮೆಷಿನ್ ಐದನೆಯ ದಿನ ಮತ್ತೆ ಕೀರಲು ದನಿ ತೆಗೆಯಿತು.

ಆಗ ಮೆಷಿನನ್ನು ಗೋಡೆಗೆ ಒರಗಿಸಿ, ಟಾರ್ಚ್ ಹಿಡಿದು ಅಡಿಯಿಂದ ನೋಡಿದೆ. ಪಲ್ಸೇಟರನ್ನು ತಿರುಗಿಸುವ ದಂಡ, ಅಂದರೆ ಶಾಫ್ಟ್, ಹೊರಬರುವ ಜಾಗದಿಂದ ಪುಲ್ಲಿಯವರೆಗೆ ಒಣಗಿದ ಸೋಪಿನ ಬಿಳಿ ಗೆರೆಯೊಂದು ಇಳಿದಿತ್ತು, ಪುಲ್ಲಿಯ ಅಂಚಿಗೆ ಕಂದು ತುಕ್ಕು ಕಟ್ಟಿತ್ತು. ಸೋಪಿನ ನೀರು ತೊಟ್ಟಿಕ್ಕುತ್ತಿದ್ದರೆ ಎಂಥ ಹೊಸ ಬೆಲ್ಟಾದರೂ ಜಾರುತ್ತದೆ. ಅಡಿಗೆ ದಿನಪತ್ರಿಕೆಯ ಹಾಳೆ ಹಾಸಿ, ಟಬ್ಬಿನ ತುಂಬ ನೀರು ಬಿಟ್ಟು ರಾತ್ರಿಯಿಡೀ ಹಾಗೆಯೇ ಬಿಟ್ಟಾಗ ಒಂದೆರಡು ಹನಿ ಮಾತ್ರ ಬಿದ್ದಿತ್ತು. ಹತ್ತು ನಿಮಿಷ ಓಡಿಸಿದಾಗ ಅಂಗೈ ಅಗಲ ಒದ್ದೆಯಾಯಿತು. ನಿಂತಾಗ ತಡೆದು ತಿರುಗುವಾಗ ಬಿಡುತ್ತಿದೆ ಎಂದರೆ ಸೋರುತ್ತಿರುವುದು ಟಬ್ಬಲ್ಲ, ಶಾಫ್ಟಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲ್.

ಪಲ್ಸೇಟರನ್ನು ಬಿಚ್ಚುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ನಡುವಿನ ಸ್ಕ್ರೂವಿನ ತಲೆ ಸುಣ್ಣದ ಪದರದಲ್ಲಿ ಮುಚ್ಚಿಹೋಗಿತ್ತು. ಬಿಸಿನೀರಿನಲ್ಲಿ ನಿಂಬೆ ಉಪ್ಪು ಕರಗಿಸಿ, ಅದರಲ್ಲಿ ನೆನೆಸಿದ ಬಟ್ಟೆಯನ್ನು ಒಂದು ಗಂಟೆ ಅದರ ಮೇಲಿಟ್ಟ ನಂತರವೇ ಸ್ಕ್ರೂ ಮಿಸುಕಿತು. ತಟ್ಟೆಯ ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಗಟ್ಟಿ ನೈಲಾನ್ ದಾರವನ್ನು ಎರಡೂ ಕಡೆ ಅಡಿಯಲ್ಲಿ ತೂರಿಸಿ ನೇರವಾಗಿ ಮೇಲಕ್ಕೆ ಎಳೆದಾಗ ಅದು ಹಾಗೆಯೇ ಕಳಚಿಬಂತು. ಕೆಳಗಿನಿಂದ ಪುಲ್ಲಿಯನ್ನೂ ಬಿಚ್ಚಿ ಶಾಫ್ಟನ್ನು ಹೊರತೆಗೆದೆ. ಅದು ಕೂತಿದ್ದ ಲೋಹದ ಕೊಳವೆ, ಅಂದರೆ ಗನ್‌ಮೆಟಲ್ ಬುಷ್, ಇನ್ನೂ ಚೆನ್ನಾಗಿತ್ತು, ಶಾಫ್ಟ್ ಅದರೊಳಗೆ ಅಲುಗಾಡುತ್ತಿರಲಿಲ್ಲ.

ಸೀಲಿನ ಅಂಚಿನಲ್ಲಿ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಚ್ಚೊತ್ತಿರುತ್ತಾರೆ. ಆ ಅಳತೆ ಗೊತ್ತಿದ್ದರೆ ಮೆಷಿನಿನ ಕಂಪನಿಯ ಹಂಗಿಲ್ಲ, ಬೇರಿಂಗ್ ಮಾರುವ ಅಂಗಡಿಯಲ್ಲೇ ಸಿಗುತ್ತದೆ. ಅಂಗಡಿಯ ಹಿರಿಯರು ಸೀಲ್ ಕೊಡುವ ಮೊದಲು, "ಶಾಫ್ಟ್ ತಂದಿದ್ದೀರಾ ಸರ್? ಉಗುರಲ್ಲಿ ಒಂದ್ಸಲ ಗೀರಿ ನೋಡಿ" ಎಂದರು. ಗೀರಿದಾಗ ಹಳೆಯ ಸೀಲಿನ ತುಟಿ ಉಜ್ಜಿದ್ದ ಕಡೆ ಉಗುರು ಸಿಕ್ಕಿಕೊಂಡಿತು. ಕಣ್ಣಿಗೆ ಬರೀ ಹೊಳೆಯುವ ಪಟ್ಟಿಯಂತೆ ಕಂಡದ್ದು ನಿಜವಾಗಿ ಒಂದು ತೆಳುವಾದ ತೋಡಾಗಿತ್ತು. ಹೊಸ ಸೀಲಿನ ತುಟಿ ಅದೇ ತೋಡಿನಲ್ಲಿ ಕೂತರೆ ಮತ್ತೆ ಸೋರುತ್ತದೆ. ಅವರು ಹೇಳಿಕೊಟ್ಟಂತೆ 600 ನಂಬರಿನ ಎಮರಿ ಕಾಗದದಿಂದ ಶಾಫ್ಟನ್ನು ಸುತ್ತಲೂ ಸಮವಾಗಿ ಉಜ್ಜಿ ನಯಮಾಡಿ, ಹೊಸ ಸೀಲನ್ನು ಹಳೆಯದಕ್ಕಿಂತ ಎರಡು ಮಿಲಿಮೀಟರ್ ಮೇಲೆ ನಿಲ್ಲಿಸಿದೆ. ಸ್ಪ್ರಿಂಗ್ ಇರುವ ತುಟಿ ನೀರಿನ ಕಡೆಗೇ ಮುಖ ಮಾಡಬೇಕು. ತುಟಿಗೆ ನೀರು ತಾಗಿದರೂ ಕರಗದ ಗ್ರೀಸ್ ಸವರಿ, ಸೀಲಿನ ಹೊರವ್ಯಾಸದಷ್ಟೇ ಅಗಲದ ಪಿವಿಸಿ ಪೈಪಿನ ತುಂಡನ್ನು ಮೇಲಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟುತ್ತ ಇಳಿಸಿದೆ. ಒಂದು ಬದಿಗೆ ಜಾಸ್ತಿ ಪೆಟ್ಟು ಬಿದ್ದು ಸೀಲ್ ಓರೆಯಾದರೆ ಅದನ್ನು ಕಿತ್ತು ಎಸೆಯಬೇಕಾಗುತ್ತದೆ.

ಪುಲ್ಲಿಯ ತುಕ್ಕನ್ನು ಉಜ್ಜಿ ತೆಗೆದು, ಜಾರುತ್ತಿದ್ದ ಹೊಸ ಬೆಲ್ಟನ್ನು ಸೋಪು ಹೋಗುವಂತೆ ತೊಳೆದು ಒಣಗಿಸಿ ಅದನ್ನೇ ಮತ್ತೆ ಹಾಕಿದೆ.

ಹಿಂಡುವ ಟಬ್ಬಿಗೂ ಸಣ್ಣ ಕಾಯಿಲೆಯೊಂದಿತ್ತು: ವೇಗ ಹಿಡಿಯುತ್ತಿರಲಿಲ್ಲ. ಮುಚ್ಚಳ ಮುಚ್ಚಿದಾಗ ಬ್ರೇಕನ್ನು ಎಳೆದು ಬಿಡಿಸುವ ತಂತಿ ವರ್ಷಗಳಿಂದ ಹಿಗ್ಗಿ, ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿತ್ತು. ಕೊಂಡಿಯನ್ನು ಒಂದು ತೂತು ಮೇಲಕ್ಕೆ ಸಿಕ್ಕಿಸಿ, ಮುಚ್ಚಳ ತೆಗೆದರೆ ಟಬ್ ಕೂಡಲೇ ನಿಲ್ಲುತ್ತದೆಯೇ ಎಂದು ಮೂರು ಸಲ ನೋಡಿದೆ, ನಿಂತಿತು.

ಅಡಿಗೆ ಮತ್ತೆ ಹಾಸಿದ ಒಣ ದಿನಪತ್ರಿಕೆಯ ಹಾಳೆಯನ್ನು ಮಾತ್ರ ತೆಗೆಯಲಿಲ್ಲ. ಎರಡು ತಿಂಗಳ ನಂತರ ಅಮ್ಮ ಅದನ್ನು ಹೊರಗೆಳೆದಾಗ ಧೂಳು ಕೂತಿತ್ತು, ಒಂದು ಹನಿಯ ಕಲೆಯೂ ಇರಲಿಲ್ಲ.